ಅಳಿಸೋ ಕೂಲಿ

ದುಧನಿ ಬಜಾರದಾಗ ಭಾಂಡೆ ಅಂಗಡಿ ಕಟ್ಟಿ ಮ್ಯಾಲ
ಮೂವತ್ತೊಂದು ವರ್ಷ ಕೂತೀನಿ, ಮೌನೇಶ ಪತ್ತಾರ.
ಮಷೀನು ಹಿಡದರ ಅಂಗೈಯಾಗ ಗುಂಗಿಹುಳ ಒದರಿದಂಗ.
ಅಕ್ಷರಕ್ಕ ಒಂದು ರೂಪಾಯಿ,
ಮರಾಠಿಯಾದರೂ ಅಷ್ಟ, ಕನ್ನಡಾದರೂ ಅಷ್ಟ.
ಒತ್ತಿಗೆ, ದೀರ್ಘಕ್ಕ ರೊಕ್ಕ ತಗೊಳ್ಳಂಗಿಲ್ಲ.

ಮಾಘದಾಗ ರೈಲ್ವೆ ಗೇಟಿನ ಆಚೆ
ಇಟ್ಟಂಗಿ ಭಟ್ಟಿಯ ಹನ್ನೊಂದು ಗುಡಸಲ ಸುಟ್ಟವು.
ಮಂದಿ ಉಳದರು.
ಜರ್ಮನ್ ಬೋಗುಣಿ ಕರಗಿ ನೆಲಕ್ಕ ಹತ್ತಿದ್ದು
ಚೆಲ್ಲಿದ ಹಾಲು ಅಂತ ತಿಳದು
ನಾಯಿಯೊಂದು ಮೂಸಿ ಹೋತು.

ಮೂರನೇ ದಿನಕ್ಕ ಗುರುಬಸಮ್ಮ ಹತ್ತರಕಿ,
ಬಳಿ ಅಂಗಡಿ ಜೈಬೂನ,
ಕೈಗಾಡಿ ತುಂಬ ತಂದು ನನ್ನ ಮುಂದ ಸುರುವಿದರು.
ಅಟ್ಟದ ಮ್ಯಾಲಿನ ಗಂಗಾಳ, ಹಿಡಿಕಿ ಅಲಗಾಡೋ ತವಿ,
ಒಂದು ಕಿವಿ ಹೋದ ಕೊಳಗ,
ಮುಚ್ಚಳ ಬ್ಯಾರೆ, ಡಬ್ಬಿ ಬ್ಯಾರೆ ಆದ ನಾಕೈದು ಸಂಸಾರ.
“ಹೆಸರು ಉಜ್ಜಿ ಕೊಡು ಮೌನೇಶಪ್ಪ,
ಮಂದಿ ಹೆಸರಿನ ಗಂಗಾಳದಾಗ ಉಣ್ಣಾಕ
ಅವರಿಗೆ ನಾಚಿಕಿ ಆಗಬಾರದು.”
ಕೂಲಿ ಎಷ್ಟು ಅಂದರು.
ಬರದದ್ದಕ್ಕ ದರ ಐತಿ ತಾಯಿ,
ಅಳಿಸಿದ್ದಕ್ಕ ಇನ್ನೂ ಯಾರೂ ಕೇಳಿಲ್ಲ.
ಚಾ ಹೇಳ್ರಿ.

ಎಲ್ಲಾ ನನ್ನ ಕೈಯಾಗಿನ ಅಕ್ಷರಾನ.
‘ಕಸ್ತುರಿಯ ಲಗ್ನಕ್ಕ ಸೋದರಮಾವನ ಆಹೇರು’.
ಕಸ್ತೂರಿ ಅಂತಿರಬೇಕಿತ್ತು. ಆವತ್ತು ಅವರ ಮಾವ
ಬಜಾರ ಕೇಳೂವಂಗ ಬೈದು ಹೋಗಿದ್ದ.
ಇವತ್ತ ಆ ತಪ್ಪು ಹೋತು, ಹೆಸರಿನ ಸಂಗಾಟ.

ಒಂದು ತಂಬಿಗಿ, ‘ಕೈ. ಸುಭದ್ರವ್ವನ ಸ್ಮರಣಾರ್ಥ’.
ಕೈ ನಿಂತತು. ಗುರುಬಸಮ್ಮಗ ತೋರಿಸಿದೆ,
ನಿಮ್ಮ ಅವ್ವಂದಲ್ಲೇನ್ರಿ ಇದು?
ಅಕಿ ಜೋಳದ ಲಾರಿ ಕಡೆ ನೋಡಕೋತ ಅಂದಳು,
“ಉಜ್ಜು. ನೀರು ಬೇಡಿದವರಿಗೆ
ಹೆಸರು ಕೇಳಿದಾಕಿ ಅಲ್ಲ ಅಕಿ.”

ಎಂಟು ದಿನಕ್ಕ ಒಬ್ಬಾಕಿ ಬಂದಳು, ಚೀಲ ಹೊತ್ತು.
ಕಟ್ಟಿ ಮ್ಯಾಲ ಏಳು ಪಾತ್ರಿ ಸಾಲಾಗಿಟ್ಟಳು.
ಬೆಳಗಿ ಬೆಳಗಿ ಮಾರಿ ಕಾಣಸ್ತಿತ್ತು,
ನಾ ಉಜ್ಜಿದ ಜಾಗ ಮಾತ್ರ ಮಸಕು, ಬಿದ್ದು ಕೆತ್ತಿದ ಮೊಣಕಾಲಿನಂಗ.
“ಮುಕಾದಮ ಕೇಳ್ತಾನ, ಎಲ್ಲಿ ಹೊಡದ್ರಿ ಇವನ್ನ ಅಂತ.
ಹೆಸರು ತಿಕ್ಕಿದ ಪಾತ್ರಿ ಕಳವಿನ ಮಾಲಂತ.
ತಿಕ್ಕಲಾರದ್ದು ಇದ್ದರ ಕೊಡು ಅಣ್ಣಾ,
ಯಾರ ಹೆಸರಾದರೂ ನಡೀತೈತಿ. ಕೊಟ್ಟವರು ಇಂಥವರು ಅಂತ
ಬೆರಳು ಇಟ್ಟು ತೋರಿಸ್ತೀನಿ.”

ಎದುರಿನ ಅಂಗಡ್ಯಾಗ ಜೈಬೂನ ಬಳಿ ಏರಿಸಾಕಿ
ಗಿರಾಕಿ ಕೈ ಹಂಗ ಹಿಡದು ಕೂತಳು.
ನಾಚಿಕಿ ಯಾರಿಗೆ ಆಗಬಾರದಂತ ಮಾಡಿದ್ದು,
ಯಾರಿಗೆ ಆತು.
ನಾನು ಗುರುಬಸಮ್ಮಗ ಫೋನ್ ಹಚ್ಚಿ, ಕಟ್ ಮಾಡಿದೆ.

ನಿನ್ನ ಹೆಸರ ಹಾಕ್ತೀನಿ ತಗೋ ತಂಗಿ, ಏನು ಹೆಸರು?
“ಝಿಮಲಾಬಾಯಿ.”
ಐದು ಅಕ್ಷರ, ಏಳು ಪಾತ್ರಿ. ರೊಕ್ಕ ಬ್ಯಾಡ ಅಂದೆ.
ಪುಕಟ ನನಗೂ ಬ್ಯಾಡ ಅಂದಳು.
ಸೆರಗಿನ ಗಂಟು ಬಿಚ್ಚಿ ಎಣಿಸಿ
ಏಳು ರೂಪಾಯಿ ನನ್ನ ಮಷೀನಿನ ಬಾಜೂಕ ಇಟ್ಟು,
“ಮೊದಲಿನದೊಂದ ಹಾಕು, ಸಾಕು.
ನನಗ ಗೊತ್ತಾಗತೈತಿ.”

ಮಷೀನು ಹಿಡದೆ. ಝ.
ಶಾಂತಾ, ಸುಶೀಲಾ, ಮಹಾದೇವಿ, ಮಲ್ಲಿಕಾರ್ಜುನ
ಕಣ್ಣು ಮುಚ್ಚಿ ಬರೀತಿದ್ದ ಕೈ
ಮೂವತ್ತೊಂದು ವರ್ಷದಾಗ ಒಮ್ಮಿನೂ
ಈ ಅಕ್ಷರದ ಮನಿಗೆ ಹೋಗಿರಲಿಲ್ಲ.
ಹೊಟ್ಟಿ ಎಲ್ಲಿ, ಬಾಲ ಎಲ್ಲಿ ಅಂತ
ಹಳೇ ಡಾಲ್ಡಾ ಡಬ್ಬಿಯ ಮುಚ್ಚಳದ ಮ್ಯಾಲ
ಮೂರು ಸಲ ಗೀಚಿದೆ.
ಅಕಿ ಬಗ್ಗಿ ನೋಡತಿದ್ದಳು.
ನಾಕನೇದು ಗಂಗಾಳದ ಮ್ಯಾಲ.

ಆ ಮುಚ್ಚಳ ಇನ್ನೂ ಐತಿ.
ಅದರಾಗ ಸುಪಾರಿ ಇಡ್ತೀನಿ.